ಮುಟ್ಟಬಾರದ್ದನ್ನು ಮೊದಲು ಕೇಳುವ ತಿಪ್ಪೇರುದ್ರಯ್ಯನವರು

ಶಿರಾ, ಕೊರಟಗೆರೆ, ಪಾವಗಡ, ಮಧುಗಿರಿ ಈ ನಾಲ್ಕು ಊರುಗಳ ಗ್ರಂಥಾಲಯಗಳಲ್ಲಿ ಮೂವತ್ತಾರು ವರ್ಷ ಸೇವೆ ಸಲ್ಲಿಸಿ ಈಚೆಗೆ ನಿವೃತ್ತರಾದ ಶ್ರೀ ತಿಪ್ಪೇರುದ್ರಯ್ಯನವರನ್ನು ಗ್ರಂಥಪಾಲಕರೆಂದು ಬಲ್ಲವರು ಎಷ್ಟು ಮಂದಿಯೋ, ಕೆಟ್ಟುಹೋದ ಇಂಕ್ ಪೆನ್ನುಗಳಿಗೆ ಮರುಜೀವ ಕೊಡುವವರೆಂದು ಬಲ್ಲವರು ಅದರ ದುಪ್ಪಟ್ಟು ಮಂದಿ. ಕೇಳಿದ ಪುಸ್ತಕವನ್ನು ಕಣ್ಣುಮುಚ್ಚಿ ತೆಗೆದುಕೊಡುವ ಗ್ರಂಥಪಾಲಕರು ನಾಡಿನಲ್ಲಿ ಬೇಕಾದಷ್ಟಿದ್ದಾರೆ. ಆದರೆ ಹಾಜರಿ ಪುಸ್ತಕದ ಸಹಿಯನ್ನು ನೋಡಿ, "ನಿಮ್ಮ ನಿಬ್ಬು ಎಡಗಡೆ ಸವೆದದೆ, ಮಧ್ಯಾಹ್ನ ಬನ್ನಿ" ಎನ್ನುವವರು ನಮ್ಮ ಸೀಮೆಯಲ್ಲಿ ಇವರೊಬ್ಬರೇ. ಪೆನ್ನು ಕಂಡರೆ ಅವರಿಗೆ ಬೆಲ್ಲ ಕಂಡ ಇರುವೆಯ ಸಂಭ್ರಮ. ಒಳಗೇನಿದೆ, ಯಾರು ಬರೆದರು, ಯಾಕೆ ನಿಂತಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವತನಕ ಅವರಿಗೆ ಊಟ ರುಚಿಸುವುದಿಲ್ಲ ಎಂದು ಅವರ ಶ್ರೀಮತಿ ಧನಲಕ್ಷ್ಮಮ್ಮನವರೇ ಹೇಳುತ್ತಾರೆ.

ಮಧುಗಿರಿಯ ಕೋಟೆಯ ಬುಡದಲ್ಲಿ ಹುಟ್ಟಿ ಬೆಳೆದ ತಿಪ್ಪೇರುದ್ರಯ್ಯನವರಿಗೆ ಈ ಹುಚ್ಚು ಹಿಡಿದದ್ದು ಶಿರಾದಲ್ಲಿ, ನೌಕರಿಯ ಮೊದಲ ವರ್ಷದಲ್ಲಿ. ಓದಲು ಬರುತ್ತಿದ್ದ ಗಡಿಯಾರ ರಿಪೇರಿಯ ಖಯ್ಯೂಮ್ ಸಾಹೇಬರ ಹಳೆಯ ಪೆನ್ನು ಒಂದು ದಿನ ಬಿಗಿದುಕೊಂಡು ಬಿಚ್ಚದಾಯಿತು. ಯೌವನದ ಹುರುಪಿನಲ್ಲಿ ಇವರು ಇಕ್ಕಳ ಹಿಡಿದು ಹೊರಟಾಗ ಸಾಹೇಬರು ಕೈ ಹಿಡಿದು ತಡೆದರು. "ಜಬರ್‌ದಸ್ತಿ ಬ್ಯಾಡ ಕಣಪ್ಪ, ಬೆಚ್ಚಗಿನ ನೀರಲ್ಲಿಟ್ಟು ಸಬೂರಿ ಮಾಡು." ಮೂರನೆಯ ದಿನ ಪೆನ್ನು ತಾನಾಗಿ ಬಿಟ್ಟುಕೊಂಡಿತು, ಎಷ್ಟೋ ವರ್ಷದ ಒಣಗಿದ ಇಂಕು ನೀರಿನಲ್ಲಿ ನೇರಳೆ ಬಣ್ಣದ ಎಳೆಯಾಗಿ ಇಳಿದದ್ದನ್ನು ಅವರು ಇಂದಿಗೂ ಕಣ್ಣರಳಿಸಿ ವರ್ಣಿಸುತ್ತಾರೆ.

ಕೊರಟಗೆರೆಗೆ ವರ್ಗವಾದ ಮೇಲೆ ವಾಚನಾಲಯದಲ್ಲಿ ಜನ ಮರೆತು ಹೋಗುವ ಪೆನ್ನುಗಳನ್ನು ಗಾಜಿನ ಲೋಟವೊಂದರಲ್ಲಿಟ್ಟು, ಯಾವ ಮೇಜಿನಲ್ಲಿ ಯಾವ ದಿನ ಸಿಕ್ಕಿತೆಂಬ ಚೀಟಿ ಕಟ್ಟುವ ಪದ್ಧತಿ ತಂದರು. ಚಿಕ್ಕನರಸಯ್ಯ ಎಂಬ ನಿವೃತ್ತ ಮೇಷ್ಟರು ಆರು ತಿಂಗಳ ಮೇಲೆ ಬಂದು ತಮ್ಮ ಪೆನ್ನನ್ನು ಕಂಡಾಗ ಅದು ಸ್ವಚ್ಛವಾಗಿ, ಇಂಕು ತುಂಬಿ, ಬರೆಯಲು ಸಿದ್ಧವಾಗಿ ನಿಂತಿತ್ತಂತೆ. ಮೇಷ್ಟರು ಅಲ್ಲೇ ಕುಳಿತು ಮೊಮ್ಮಗಳಿಗೆ ಪತ್ರ ಬರೆದು ಎದ್ದರು. ಯಾರೂ ಕೇಳಿಕೊಂಡು ಬಾರದ ಪೆನ್ನುಗಳು ಮಾತ್ರ ಇವರ ಮನೆ ಸೇರಿದವು. ಹಾಗೆ ಸೇರಿದವು, ಗುಜರಿಯಲ್ಲಿ ಆರಿಸಿದವು, ಈಗಿನವರು ಹೇಗೆ ಮಾಡುತ್ತಾರೆಂದು ನೋಡಲು ತರಿಸಿಕೊಂಡ ಹೊಸ ನಮೂನೆಯವು ಎಲ್ಲ ಕೂಡಿ ಇಂದು ಮುನ್ನೂರು ದಾಟಿವೆ. "ಇಷ್ಟಿದ್ರೂ ಅಂಗಡಿ ಚೀಟಿ ಬರೆಯಕ್ಕೆ ಒಂದು ಪೆನ್ನು ಕೈಗೆ ಸಿಗಲ್ಲ ಕಣಮ್ಮ" ಎಂದು ಧನಲಕ್ಷ್ಮಮ್ಮನವರು ಬಂದವರೆದುರು ದೂರುವುದುಂಟು. ಅವರು ಸೀಸದ ಕಡ್ಡಿಯಲ್ಲೇ ಸಂಸಾರ ತೂಗಿಸಿದ್ದಾರೆ.

ಅಭಿನಂದನ ಗ್ರಂಥದಲ್ಲಿ ತಪ್ಪಿನ ಪ್ರಸ್ತಾಪ ಸಲ್ಲದೆಂದು ಸಂಪಾದಕರಿಗೆ ಅನ್ನಿಸಬಹುದು. ಆದರೆ ಪಾವಗಡದ ತಪ್ಪನ್ನು ಬಿಟ್ಟರೆ ತಿಪ್ಪೇರುದ್ರಯ್ಯನವರ ಕಥೆ ಉಪ್ಪಿಲ್ಲದ ಸಾರಾದೀತು. ಬರೆಯಲೇಬೇಕೆಂದು ಅವರೇ ಪಟ್ಟು ಹಿಡಿದಿದ್ದಾರೆ.

ಹನ್ನೊಂದು ವರ್ಷದ ಹಿಂದಿನ ಮಾತು. ವಳ್ಳೂರಿನ ಕುರಿಗಾಹಿ ಮನೆತನದ ಗಂಗಾಲಕ್ಷ್ಮಿ ಎಂಬ ಹೆಣ್ಣುಮಗಳು ಇಂಕು ಸೋರುವ ಒಂದು ಕಪ್ಪು ಪೆನ್ನನ್ನು ತಂದುಕೊಟ್ಟು, ಸರಿಮಾಡಿಕೊಡಿ ಎಂದು ಹೇಳಿ ಬಸ್ಸು ಹತ್ತಿದಳು. ಗಟ್ಟಿ ರಬ್ಬರಿನ ಹಳೆಯ ಪೆನ್ನು, ಬುಡದಲ್ಲೆಲ್ಲ ಹಲ್ಲಿನ ಗುರುತು. ಇವರ ಕುತೂಹಲ ಕೆರಳಿತು. ಅಂಥ ರಬ್ಬರಿಗೆ ಹದವಾದ ಕಾವು ಕೊಟ್ಟರೆ ತಗ್ಗುಗಳು ತಾವೇ ಮೇಲೇಳುತ್ತವೆಂದು ಎಲ್ಲೋ ಓದಿದ್ದರು, ಕಣ್ಣಾರೆ ನೋಡಿರಲಿಲ್ಲ. ಕಾವು ಕೊಟ್ಟರು. ಕಚ್ಚಿದ ಗುರುತುಗಳು ಒಂದೊಂದಾಗಿ ಉಬ್ಬಿ ಮಟ್ಟವಾದವು. ಉಳಿದ ಅಲ್ಪಸ್ವಲ್ಪವನ್ನೂ ಬಿಡದೆ ಉಜ್ಜಿ, ಮುಖ ಕಾಣುವಂತೆ ಹೊಳಪು ಕೊಟ್ಟು, ಪತ್ರಿಕೆ ಓದಲು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದರು.

ಮುಂದಿನ ವಾರ ಗಂಗಾಲಕ್ಷ್ಮಿ ಬಂದಳು. ಹೊಳೆಯುವ ಪೆನ್ನನ್ನು ಕೈಗೆ ತೆಗೆದುಕೊಂಡು, ಬರೆದು ನೋಡದೆ, ಅದರ ಬುಡವನ್ನು ಹೆಬ್ಬೆರಳಿನಿಂದ ಸವರಿದಳು. ತಿರುಗಿಸಿ ಮತ್ತೆ ಸವರಿದಳು.

"ಸಾರ್, ನಮ್ಮವ್ವನ ಹಲ್ಲು ಎಲ್ಲೋದ್ವು?"

ಆಗ ತಿಳಿಯಿತು. ಅವಳ ತಾಯಿ ಕ್ಯಾತಮ್ಮ ನಲವತ್ತು ದಾಟಿದ ಮೇಲೆ ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತವರು. ಕುರಿ ಹಟ್ಟಿಗೆ ಸೇರಿದ ಮೇಲೆ ದಿನಾ ಸಂಜೆ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದರು. ಮುಂದಿನ ಅಕ್ಷರ ನೆನಪಾಗುವವರೆಗೆ ಪೆನ್ನಿನ ಬುಡ ಕಚ್ಚುತ್ತಿದ್ದರು. ಒತ್ತಕ್ಷರ ಬಂದರೆ ಜೋರಾಗಿ ಕಚ್ಚುತ್ತಿದ್ದರಂತೆ. ಅವರು ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇರಲಿಲ್ಲ.

"ಸೋರದು ನಿಲ್ಸಿ ಅಂದಿದ್ದೆ. ಅದನ್ನ ಅಳಿಸಿ ಅಂತ ನಾನೆಲ್ಲಿ ಅಂದೆ?" ಎಂದಳು. ಗಟ್ಟಿಯಾಗಿ ಕೂಡ ಮಾತಾಡಲಿಲ್ಲ. ಪೆನ್ನನ್ನು ಸೆರಗಿನ ತುದಿಗೆ ಸುತ್ತಿಕೊಂಡು ಹೊರಟುಹೋದಳು.

ಬೈದಿದ್ದರೇ ಚೆನ್ನಾಗಿತ್ತು ಎಂದು ತಿಪ್ಪೇರುದ್ರಯ್ಯನವರು ಎಷ್ಟೋ ಸಲ ಹೇಳಿದ್ದಾರೆ. ಹೋದ ಗುರುತನ್ನು ಮತ್ತೆ ತರುವ ವಿದ್ಯೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಕಪಾಟಿನ ಪುಸ್ತಕಗಳನ್ನೆಲ್ಲ ಹುಡುಕಿದವರು ಅವರು. ಕೊನೆಗೆ ತಪ್ಪಾಯಿತೆಂದು ವಳ್ಳೂರಿಗೆ ಒಂದು ಕಾರ್ಡು ಬರೆದರು. ಉತ್ತರ ಬರಲಿಲ್ಲ. ಪಾವಗಡದಿಂದ ಮಧುಗಿರಿಗೆ ವರ್ಗವಾಗುವಾಗ, ತಡವಾಗಿಯಾದರೂ ಉತ್ತರ ಬಂದರೆ ತಮಗೆ ಕಳಿಸಬೇಕೆಂದು ಅಂಚೆಯವರಿಗೆ ಹೊಸ ವಿಳಾಸ ಕೊಟ್ಟು ಬಂದರು. ಆಮೇಲೆ ಪ್ರತಿ ವರ್ಷ ಒಮ್ಮೆಯಾದರೂ ಆ ಕಡೆಯವರು ಸಿಕ್ಕರೆ ವಳ್ಳೂರಿನ ಕ್ಷೇಮ ವಿಚಾರಿಸುತ್ತಿದ್ದರು, ಗಂಗಾಲಕ್ಷ್ಮಿಯ ಹೆಸರೆತ್ತಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ಅಂದಿನಿಂದ ಅವರ ಮೇಜಿನ ಮೇಲೆ ಒಂದು ನೋಟ್‌ಬುಕ್ ಬಂದಿತು. ಪೆನ್ನು ತಂದವರು ಯಾರೇ ಇರಲಿ, ಮೊದಲು ಕುರ್ಚಿ, ಆಮೇಲೆ ಒಂದೇ ಪ್ರಶ್ನೆ, "ಇದರಲ್ಲಿ ಏನು ಮುಟ್ಟಬಾರದು?" ಉತ್ತರವನ್ನು ತಂದವರೇ ತಮ್ಮ ಕೈಯಾರೆ ಬರೆಯಬೇಕು. ಆ ಪುಟಗಳನ್ನು ಓದುವುದೇ ಒಂದು ಬೆರಗು. "ಮುಚ್ಚಳದ ಸೀಳು, ತಮ್ಮ ಎಸೆದದ್ದು" ಎಂದು ದೊಡ್ಡೇರಿಯ ವನಜಾ ಬರೆದಿದ್ದಾರೆ. "ಒಳಗಿರೋ ಹಸಿರು ಇಂಕು ಚೆಲ್ಲಬೇಡಿ, ನಮ್ಮಪ್ಪ ಆಫೀಸರ್ ಆಗಿದ್ರು" ಎಂದು ನಾಗಭೂಷಣ್ ಎಂಬವರು. "ಎಲ್ಲಾ ಮುಟ್ಟಿ, ನನಗೆ ಬರೆದರೆ ಸಾಕು" ಎಂದವರೂ ಉಂಟು. ಇಂಥ ನಾಲ್ಕು ನೋಟ್‌ಬುಕ್ಕುಗಳು ತುಂಬಿವೆ. ಪೆನ್ನು ಬಿಚ್ಚುವ ಕೈ ಹಲವರಿಗಿದೆ. ಬಿಚ್ಚುವ ಮೊದಲು ಕೇಳುವ ಬಾಯಿ ಇವರಿಗೆ ಪಾವಗಡದಲ್ಲಿ ಬಂದದ್ದು.

ಕಳೆದ ವಾರ ಮಧುಗಿರಿಯ ವಾಚನಾಲಯದಲ್ಲಿ ಬೀಳ್ಕೊಡುಗೆ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದು, ಜನ ಉಪ್ಪಿಟ್ಟಿನ ಕಡೆ ನಡೆದಿದ್ದರು. ಬಾಗಿಲಲ್ಲಿ ಖಾಕಿ ಅಂಗಿ ತೊಟ್ಟ ಹೆಂಗಸೊಬ್ಬರು ನಿಂತಿದ್ದರು. ಪಾವಗಡದ ಕಡೆಯ ಸೋಲಾರ್ ಪಾರ್ಕಿನ ಗೇಟಿನಲ್ಲಿ ಬಂದುಹೋಗುವ ಗಾಡಿಗಳ ನಂಬರು ಬರೆಯುವ ಕೆಲಸ ಅವರದು. ತಿಪ್ಪೇರುದ್ರಯ್ಯನವರು ಹಾರವನ್ನು ತೆಗೆದು ಕುರ್ಚಿಯ ಮೇಲಿಟ್ಟು ಎದ್ದು ನಿಂತರು. ಗುರುತು ಸಿಕ್ಕಿತ್ತು.

"ಮತ್ತೆ ಸೋರ್ತೈತೆ ಸಾರ್. ಗೇಟ್ ಬುಕ್ಕೆಲ್ಲ ಇಂಕು" ಎಂದು ಗಂಗಾಲಕ್ಷ್ಮಿ ಪೆನ್ನನ್ನು ಮುಂದೆ ಹಿಡಿದರು.

ಇವರು ಕೈ ಚಾಚಲಿಲ್ಲ. ನೋಟ್‌ಬುಕ್ ತೆರೆದಿಟ್ಟು, ಕುರ್ಚಿ ಎಳೆದು, ಎಂದಿನ ಪ್ರಶ್ನೆ ಕೇಳಿದರು. ಆಕೆ ಪೆನ್ನನ್ನೇ ಅವರ ಹೆಬ್ಬೆರಳಿಗೆ ಒತ್ತಿದರು. ಬುಡದ ಸುತ್ತ ಹೊಸ ತಗ್ಗುಗಳು, ಹೊಸ ಹಲ್ಲಿನ ಗುರುತುಗಳು.

"ಇವು ನಮ್ಮವ್ವನವಲ್ಲ, ನನ್ನವು" ಎಂದರು ಗಂಗಾಲಕ್ಷ್ಮಿ. "ನಿಮ್ ಕಾರ್ಡು ಬಂದಿತ್ತು ಸಾರ್. ಉತ್ತರ ಬರೀಬೇಕಂತ ಈ ಪೆನ್ನೇ ತಗಂಡೆ. ಸಿಟ್ಟಿತ್ತು, ಏನಂತ ಬರೀಲಿ ಅಂತ ಗೊತ್ತಾಗ್ದೆ ಕಚ್ಕಂಡು ಕೂತೆ. ನೋಡ್ಕಂಡ್ರೆ ನಮ್ಮವ್ವ ಕೂತಂಗೇ ಕೂತಿವ್ನಿ. ಮೊದಲ್ನೇ ಗುರುತು ಅವತ್ತಿಂದು. ಉತ್ತರ ಬರೀಲೇ ಇಲ್ಲ, ಇದನ್ನೇ ತಂದಿವ್ನಿ."

ತಿಪ್ಪೇರುದ್ರಯ್ಯನವರು ಅತ್ತರು. ಶಾಲಿನಿಂದಲೇ ಕಣ್ಣೊರೆಸಿಕೊಂಡರು. ನೋಟ್‌ಬುಕ್ಕಿನ ಆ ದಿನದ ಪುಟದಲ್ಲಿ "ಹಲ್ಲು ಮುಟ್ಟಬೇಡಿ. ಗಂಗಾಲಕ್ಷ್ಮಿ, ಕ್ಯಾತಮ್ಮನ ಮಗಳು" ಎಂಬ ಸಾಲು, ಪಕ್ಕದಲ್ಲಿ ಸೋರಿದ ಇಂಕಿನ ದೊಡ್ಡ ಕಲೆಯ ಸಮೇತ, ಹಾಗೆಯೇ ಇದೆ.

ಆ ಪೆನ್ನು ಈಗ ಅವರ ಮನೆಯ ಕಿಟಕಿಯಲ್ಲಿ ಬೆಚ್ಚಗಿನ ನೀರಿನ ಬಟ್ಟಲಿನಲ್ಲಿದೆ. ನಿಬ್ಬಿನ ಕಡೆ ಮುಳುಗಿ, ಬುಡ ಮೇಲಾಗಿ. ಹಿರಿಯರಾದ ತಿಪ್ಪೇರುದ್ರಯ್ಯನವರಿಗೆ ಆಯುರಾರೋಗ್ಯ ಸಮೃದ್ಧವಾಗಿರಲಿ, ಅವರ ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ, ಐದನೆಯ ನೋಟ್‌ಬುಕ್ಕೂ ತುಂಬಲಿ, ಧನಲಕ್ಷ್ಮಮ್ಮನವರಿಗೂ ಒಂದು ಪೆನ್ನು ದೊರೆಯಲಿ ಎಂದು ನಾಲ್ಕೂ ತಾಲ್ಲೂಕುಗಳ ಓದುಗರ ಪರವಾಗಿ ಹಾರೈಸುತ್ತೇವೆ. ಬರುವ ಸೋಮವಾರ ಗಂಗಾಲಕ್ಷ್ಮಿ ಪೆನ್ನು ಒಯ್ಯಲು ಬರುತ್ತಾರೆ; ಬಂದವರು ಮೊದಲು ಬುಡ ಸವರಿ ನೋಡುತ್ತಾರೆ, ಎಲ್ಲ ಇದ್ದಲ್ಲೇ ಇರುತ್ತವೆ.