ಕುಡಿಯಿರಿ ಎಂದವನು ನಾನೇ

ಕೊರೋನಾ ಮುಗಿದ ಮರುವರ್ಷದ ಬೇಸಿಗೆ. ನನಗಾಗ ಅರವತ್ನಾಲ್ಕು. ಯಾವ ಪತ್ರಿಕೆಯ ಸಂಬಳಕ್ಕೂ ಸೇರದ ಫ್ರೀಲಾನ್ಸ್ ಪತ್ರಕರ್ತ. ಭಾನುವಾರ ಚಿತ್ರದುರ್ಗದಲ್ಲಿ, ಮಂಗಳವಾರ ಹಿರಿಯೂರಿನಲ್ಲಿ ಪತ್ರಿಕೋದ್ಯಮದ ತರಗತಿ ನಡೆಸುತ್ತಿದ್ದೆ. ಉಳಿದ ದಿನಗಳು ಬಸ್ಸಿನಲ್ಲಿ ಕಳೆಯುತ್ತಿದ್ದವು. ಎಸ್ಸೆಸ್ಸೆಲ್ಸಿಯ ಆಚೆ ನಾನು ಶಾಲೆ ಕಂಡವನಲ್ಲ. ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಲೇ ಓದು ಕಲಿತವನು. ಅಚ್ಚಾದದ್ದು ಎಷ್ಟು ಸಲೀಸಾಗಿ ಸುಳ್ಳಾಗಬಲ್ಲದು ಎಂಬುದನ್ನು ಅಲ್ಲಿ ಕಂಡವನಾದ್ದರಿಂದ, ಯಾರ ಹೇಳಿಕೆಯನ್ನೂ ನಂಬದಿರುವುದೇ ನನ್ನ ಗುಣವಾಯಿತು. ವಿದ್ಯಾರ್ಥಿಗಳಿಗೂ ಅದನ್ನೇ ಬೋಧಿಸುತ್ತಿದ್ದೆ.

ಹೊಸದುರ್ಗ ತಾಲ್ಲೂಕಿನ ಒಂದು ಊರಿನಲ್ಲಿ ವಾಂತಿಭೇದಿ ಹಬ್ಬಿತ್ತು. ಕುಡಿಯುವ ನೀರಿನ ಪೈಪಿಗೆ ಚರಂಡಿ ಸೇರಿದೆ ಎಂದು ಅಧಿಕಾರಿಗಳು ಹೇಳಿದ್ದರು. ನಾಲ್ಕು ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ನಾಲ್ಕರಲ್ಲೂ ಅದೇ ವಾಕ್ಯ, ಅದೇ ಅಕ್ಷರದೋಷ. ತಾಲ್ಲೂಕು ವರದಿಗಾರರಲ್ಲಿ ಒಬ್ಬರು ಬರೆದದ್ದನ್ನು ವಾಟ್ಸಾಪಿನಲ್ಲಿ ಉಳಿದವರು ಹಂಚಿಕೊಳ್ಳುವ ರೂಢಿಯುಂಟು. ನಕಲು ಮಾಡಿದ್ದೆಂದರೆ ಸುಳ್ಳೇ ಇರಬೇಕು ಎಂದು ನಾನು ನಿಶ್ಚಯಿಸಿದೆ. ಕಾಯಿಲೆಗೆ ಎರಡು ದಿನ ಮುಂಚೆ ಅಲ್ಲೊಂದು ಗೃಹಪ್ರವೇಶದ ಊಟ ನಡೆದಿತ್ತು. ಊಟ ಹಾಕಿಸಿದವರು ಊರಿನ ಪ್ರಭಾವಿಗಳು. ಅವರನ್ನು ಉಳಿಸಲು ನೀರಿನ ಮೇಲೆ ಹೊರಿಸಿದ್ದಾರೆ ಎಂಬ ಕಥೆ ಬಸ್ಸು ಹತ್ತುವ ಮೊದಲೇ ನನ್ನ ತಲೆಯಲ್ಲಿ ಪೂರ್ತಿಯಾಗಿತ್ತು.

ಶನಿವಾರ ಹೊರಟೆ. ಜೊತೆಗೆ ನನ್ನ ತರಗತಿಯ ಶಶಿಕಲಾ. ಹೊಳಲ್ಕೆರೆಯವರು, ಮೂವತ್ತು ದಾಟಿದ ಗೃಹಿಣಿ, ಎರಡನೇ ತರಗತಿ ಓದುವ ಮಗಳ ತಾಯಿ. ಊರ ಬಾಗಿಲಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆ ಎದುರಾದರು.

"ಸರ್, ಕಾಯಿಸದ ನೀರು ಕುಡೀಬ್ಯಾಡ್ರಿ. ಪೈಪು ಕೆಟ್ಟೈತೆ."

"ನಿಮಗೂ ಆ ವಾಟ್ಸಾಪ್ ಸುದ್ದಿ ಬಂತೇನಮ್ಮ?" ಎಂದು ನಕ್ಕೆ. ಆಕೆ ಮುಖ ಗಂಟಿಕ್ಕಿಕೊಂಡು ಹೋದರು.

ನನ್ನ ಕಸುಬಿನಲ್ಲಿ ಒಂದು ನಿಯಮವಿತ್ತು. ಹೋದ ಮನೆಯ ನೀರು ಕುಡಿಯದೆ ಮೊದಲ ಪ್ರಶ್ನೆ ಕೇಳಬಾರದು. ಕೊಟ್ಟ ನೀರನ್ನು ಬೇಡವೆಂದವನಿಗೆ ನಮ್ಮ ಕಡೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಮೂರನೆಯ ಮನೆಯ ಅಜ್ಜಿ ಬೆಲ್ಲದ ಚೂರಿನೊಂದಿಗೆ ಚೊಂಬು ತಂದಿಟ್ಟರು. "ಬಿಸ್ಲಾಗೆ ಬಂದೀರಿ, ಕುಡೀರವ್ವ." ಶಶಿಕಲಾ ಚೊಂಬನ್ನು ನೋಡಿ, ನನ್ನನ್ನು ನೋಡಿದರು.

"ಕುಡಿಯಿರಿ," ಎಂದೆ.

ನಾನು ಎರಡು ಗುಟುಕು ಕುಡಿದೆ. ಅವರು ದಣಿದಿದ್ದರು, ಉಳಿದದ್ದನ್ನೆಲ್ಲ ಕುಡಿದರು.

ಸಂಜೆ ಮರಳುವಾಗ ಅವರು ಒಂದು ಮಾತೆತ್ತಿದರು. "ಸರ್, ಕಾಯಿಲೆ ಬಿದ್ದೋರಲ್ಲಿ ಮೂರು ಜನ ಆ ಊಟಕ್ಕೆ ಹೋಗೇ ಇರ್ಲಿಲ್ಲ." ಎಲ್ಲ ಪ್ರಕರಣಗಳಲ್ಲೂ ಅಪವಾದಗಳಿರುತ್ತವೆ ಎಂದು ತೇಲಿಸಿಬಿಟ್ಟೆ. ನೀರಿನಲ್ಲಿ ದೋಷವಿಲ್ಲವೆಂಬ ವರದಿಯನ್ನು ಸೋಮವಾರ ಒಂದು ವಾರಪತ್ರಿಕೆಗೆ ಕಳುಹಿಸಿದೆ.

ಮಂಗಳವಾರ ಹನ್ನೊಂದಕ್ಕೆ ಹಿರಿಯೂರಿನ ತರಗತಿಯಲ್ಲಿದ್ದಾಗ ಶಶಿಕಲಾರ ಪತಿ ಮಂಜುನಾಥ ಫೋನ್ ಮಾಡಿದರು. ನಿನ್ನೆಯಿಂದ ವಾಂತಿಭೇದಿ. ಬೆಳಿಗ್ಗೆ ಎಚ್ಚರ ತಪ್ಪಿದ್ದರಿಂದ ಚಿತ್ರದುರ್ಗದ ಆಸ್ಪತ್ರೆಗೆ ತಂದಿದ್ದಾರೆ. "ಎಲ್ಲಿಗ್ ಕರ್ಕಂಡ್ ಹೋಗಿದ್ರಿ ಸರ್ ನೀವು?" ಎಂದಷ್ಟೇ ಕೇಳಿದರು. ಉತ್ತರಿಸುವಷ್ಟರಲ್ಲಿ ಫೋನು ಕಡಿದಿತ್ತು.

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಒಂದು ಗಂಟೆಯ ದಾರಿ. ನನ್ನ ವೃತ್ತಿಯಲ್ಲಿ ಲಾಠಿ ಕಂಡಿದ್ದೇನೆ, ಬೆದರಿಕೆಯ ಫೋನುಗಳನ್ನು ಕೇಳಿದ್ದೇನೆ. ಅವೆಲ್ಲ ಹೊರಗಿನಿಂದ ಬಂದ ಭಯಗಳು. ಆ ಬಸ್ಸಿನಲ್ಲಿ ಹುಟ್ಟಿದ್ದು ಬೇರೆ. ಶಶಿಕಲಾ ಶನಿವಾರವೇ ತಮ್ಮ ಟಿಪ್ಪಣಿ ಪುಟಗಳ ಫೋಟೋ ಕಳುಹಿಸಿದ್ದರು. ನಾನು ತೆರೆದು ನೋಡಿರಲಿಲ್ಲ. ಈಗ ತೆರೆದೆ. ದುಂಡನೆಯ ಅಕ್ಷರ. ಒಬ್ಬ ಬಾಣಂತಿ, ಹಾಸಿಗೆ ಹಿಡಿದ ಒಬ್ಬ ಮುದುಕ, ಆ ಮನೆಯವರೊಂದಿಗೆ ಮಾತು ಬಿಟ್ಟಿದ್ದ ಒಬ್ಬಾತ: ಮೂವರ ಹೆಸರಿನ ಮುಂದೆಯೂ 'ಊಟಕ್ಕೆ ಹೋಗಿಲ್ಲ'. ಮೂವರದೂ ಒಂದೇ ಬೀದಿ, ಒಂದೇ ನಲ್ಲಿ. ಅಜ್ಜಿಯ ಮನೆಯೂ ಅದೇ ಬೀದಿಯಲ್ಲಿತ್ತು. ಬಸ್ಸಿನಿಂದಲೇ ವಾರಪತ್ರಿಕೆಯ ಸಂಪಾದಕರಿಗೆ ಫೋನ್ ಮಾಡಿ ವರದಿ ತಡೆಯಿರೆಂದೆ.

ವಾರ್ಡಿನಲ್ಲಿ ಶಶಿಕಲಾರ ಕಣ್ಣು ಒಳಗಿಳಿದಿತ್ತು, ತುಟಿ ಬೂದಿಬಣ್ಣವಾಗಿತ್ತು. ಎರಡೂ ಕೈಗೆ ಡ್ರಿಪ್. ವೈದ್ಯೆ ಹೊರಗೆ ಬಂದು ವಿವರಿಸಿದರು: ದೇಹದ ನೀರೆಲ್ಲ ಹೋಗಿ ಬಿ.ಪಿ. ಕುಸಿದಿದೆ, ನಿನ್ನೆ ರಾತ್ರಿಯಿಂದ ಮೂತ್ರ ಬಂದಿಲ್ಲ. ಸಂಜೆಯೊಳಗೆ ಬಾರದಿದ್ದರೆ ಕಿಡ್ನಿಗೆ ಪೆಟ್ಟು ಬಿದ್ದಿದೆಯೆಂದೇ ಅರ್ಥ, ಡಯಾಲಿಸಿಸ್ ಬೇಕಾಗಬಹುದು.

"ಹೊರಗಡೆ ಏನಾದ್ರೂ ಕುಡಿದಿದ್ರಾ?"

ಮಂಜುನಾಥ ನನ್ನ ಕಡೆ ತಿರುಗಿದರು. ತಪ್ಪಿಸಿಕೊಳ್ಳಲು ಒಂದು ವಾಕ್ಯ ಬಾಯಿಗೆ ಬಂದಿತ್ತು: ಬಿಸಿಲಿತ್ತು, ಎಲ್ಲಾದರೂ ಕುಡಿದಿರಬಹುದು. ನುಂಗಿಕೊಂಡೆ.

"ಕಾಯಿಲೆ ಇದ್ದ ಊರಿನ ನಲ್ಲಿ ನೀರು. ಬೇಡವೆಂದು ಎಚ್ಚರಿಸಿದ್ದರು. ಕುಡಿಯಿರಿ ಎಂದವನು ನಾನೇ."

ವೈದ್ಯೆ ಅದನ್ನು ಬರೆದುಕೊಂಡು ಒಳಗೆ ಹೋದರು. ಮಂಜುನಾಥ ಮೆಲ್ಲಗೆ ಹೇಳಿದರು: "ನೀವು ಹೇಳಿದ್ದು ಅವ್ಳಿಗೆ ವೇದವಾಕ್ಯ ಸರ್. ಮನೇಲಿ ನನ್ ಮಾತೇ ನಡೆಯಲ್ಲ." ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮಧ್ಯಾಹ್ನವೆಲ್ಲ ಬೆಂಚಿನ ಎರಡು ತುದಿಯಲ್ಲಿ ಇಬ್ಬರೂ ಕುಳಿತೆವು. ನರ್ಸು ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಮೂರಕ್ಕೆ ಇಲ್ಲ. ನಾಲ್ಕಕ್ಕೂ ಇಲ್ಲ. ಅವರ ಮಗಳು ಶಾಲೆಯಿಂದ ಬರುವ ಹೊತ್ತು. ಮಂಜುನಾಥ ಮನೆಗೆ ಫೋನ್ ಮಾಡಿ "ಅಮ್ಮ ನಾಳೆ ಬರ್ತಾಳೆ ಪುಟ್ಟಿ" ಎಂದರು. ಆ 'ನಾಳೆ'ಗೆ ಮೂಲವೇನೆಂದು ಕೇಳುವ ಧೈರ್ಯ ನನಗಿರಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ನರ್ಸು ಇಣುಕಿ, "ಬಂತು ಕಣ್ರಿ, ಸ್ವಲ್ಪ ಬಂತು," ಎಂದರು. ಮೂತ್ರದ ಸುದ್ದಿ ಕೇಳಿ ನಾವಿಬ್ಬರು ಗಂಡಸರು ಬಿಕ್ಕಿ ಅತ್ತೆವು.

ಮರುದಿನ ಆ ಊರಿಗೆ ಹೋದೆ. "ಏನ್ ಸರ್, ಈಗ ನಿಮಗೂ ಬಂತಾ ವಾಟ್ಸಾಪ್ ಸುದ್ದಿ?" ಎಂದರು ಆಶಾ ಕಾರ್ಯಕರ್ತೆ. ಬಂತು ತಾಯಿ ಎಂದೆ. ಅವರ ಹಿಂದೆ ಮನೆಮನೆಗೆ ಹೋಗಿ, ಶನಿವಾರ ನಿಮ್ಮೆದುರು ನಾನು ಆ ನೀರು ಕುಡಿದದ್ದು ತಪ್ಪು, ನೀರು ಕಾಯಿಸಿಯೇ ಕುಡಿಯಿರಿ ಎಂದು ಹೇಳಿದೆ. ಚರಂಡಿಯ ಬಳಿ ಪೈಪು ಒಡೆದಿದ್ದನ್ನು ಪಂಚಾಯಿತಿಯವರು ಅಗೆದು ತೋರಿಸಿದರು.

ತಿಂಗಳ ನಂತರ ಶಶಿಕಲಾ ತರಗತಿಗೆ ಬಂದರು, ಅರ್ಧದಷ್ಟಾಗಿದ್ದರು. ಆ ಭಾನುವಾರದ ಪಾಠ ನೀವೇ ಮಾಡಿ ಎಂದು ನಾನು ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತೆ. ಅವರು ಟಿಪ್ಪಣಿ ಪುಸ್ತಕ ತೆರೆದು, ಸಂದರ್ಶನದಂತೆಯೇ ಶುರುಮಾಡಿದರು.

"ಸರ್, ನೀರು ಚೆನ್ನಾಗೈತೆ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿರಲಿಲ್ಲ."

"ನೀವು ಪರೀಕ್ಷೆ ಮಾಡ್ಸಿದ್ರಾ?"

"ಇಲ್ಲ."

ಅವರು ಎರಡನ್ನೂ ಬರೆದುಕೊಂಡರು. ಎಲ್ಲರ ಮಾತಿಗೂ ಪುರಾವೆ ಕೇಳುತ್ತ ಬಂದವನು ನಾನು. ನನ್ನ ಸಂಶಯವೂ ಒಂದು ಹೇಳಿಕೆಯೇ, ಅದಕ್ಕೂ ಪುರಾವೆ ಬೇಕು ಎಂಬುದನ್ನು ಕಲಿಯಲು ಅಷ್ಟು ವರ್ಷ ಹಿಡಿಯಿತು. ಇಂದಿಗೂ ನಾನು ಸಂಶಯಪಡುತ್ತೇನೆ. ಆದರೆ ಆ ಸಂಶಯದ ಬೆಲೆಯನ್ನು ಯಾರು ತೆರಬೇಕಾದೀತು ಎಂದು ಮೊದಲು ಯೋಚಿಸುತ್ತೇನೆ.