ಇಡೀ ಪಟ್ಟಿ ನುಂಗಿಸುವ ಗುರುಶಾಂತಪ್ಪ

ತುರುವೇಕೆರೆಯ ತೆಂಗು ಬೆಳೆಗಾರರ ಸಂಘಕ್ಕೆ ಕಂಪ್ಯೂಟರ್ ಬಂದ ದಿನದಿಂದ ಗುಮಾಸ್ತ ಗುರುಶಾಂತಪ್ಪನನ್ನು ಹಿಡಿಯುವವರಿಲ್ಲ. ತುಮಕೂರಿನಲ್ಲಿ ಮೂರು ವಾರ ಕಲಿತು ಬಂದ ಮಹಾಪಂಡಿತ! ಚಪ್ಪಲಿ ಹೊರಗೆ ಬಿಟ್ಟು, ಯಂತ್ರಕ್ಕೆ ವಿಭೂತಿ ಹಚ್ಚಿ, ಆರುನೂರು ಸದಸ್ಯರ ಪಟ್ಟಿಯನ್ನು ಅದರ ಅಂಗೈಯಗಲದ ಮೆಮೊರಿಗೆ ಒಂದೇ ಏಟಿಗೆ ತುರುಕುತ್ತಿದ್ದ. ಅದು ಉಸಿರುಗಟ್ಟಿ ನಿಂತರೆ, "ಧ್ಯಾನ ಮಾಡ್ತೈತೆ, ಸುಮ್ಕಿರ್ರೀ" ಎನ್ನುತ್ತಿದ್ದ. ಟೈಪಿಸ್ಟ್ ಗಿರಿಜಾಂಬಿಕೆಗೆ ಮೈಯೆಲ್ಲ ಉರಿ. "ಕಾಯಿ ಸುಲಿಯೋರು ರಾಶಿನೆಲ್ಲಾ ಒಟ್ಗೇ ಕೈಗೆ ತಗೊಂತಾರೇನ್ರೀ? ಒಂದೊಂದೇ ಸಾಲು ಓದ್ಸಿ. ಒಂದು ಪ್ರಿಂಟಾಗೋ ಹೊತ್ಗೆ ಇನ್ನೊಂದು ಬರ್ಲಿ" ಎಂದರೆ, "ಅರೆಬರೆ ಓದೋದು ನಮ್ ವಂಶದಾಗೇ ಇಲ್ಲ, ಬುಡಮ್ಮ" ಎಂದು ಮೂಗೆತ್ತುತ್ತಿದ್ದ. ಸಂಘದ ಚುನಾವಣೆಯ ಹಿಂದಿನ ದಿನ, ಮತದಾರರ ಪಟ್ಟಿ ತೆಗೆಯುವಾಗಲೂ ಯಂತ್ರ ಹಾಗೇ ನಿಂತಿತು, ಮೇಲೆ ಕರೆಂಟೂ ಹೋಯಿತು. ಕೈಬರಹದ ಹಳೆಯ ಸದಸ್ಯತ್ವ ಪುಸ್ತಕವನ್ನು ಈ ಪಂಡಿತ ಆಗಲೇ ರದ್ದಿಗೆ ಹಾಕಿಸಿದ್ದ. ಗಿರಿಜಾಂಬಿಕೆ ಅವನನ್ನು ಶಪಿಸುತ್ತಲೇ ಟೈಪ್‌ರೈಟರಿನ ಧೂಳು ಕೊಡವಿ ಕೂತಳು. ಗುರುಶಾಂತಪ್ಪ ಕಣ್ಣು ಮುಚ್ಚಿ, ಊರು, ತಂದೆಯ ಹೆಸರು ಸಮೇತ, ಮೂವತ್ತು ವರ್ಷ ಕೈಯಾರೆ ಬರೆದ ಆ ಆರುನೂರು ಜನರನ್ನು ಬಾಯಲ್ಲೇ ಒಪ್ಪಿಸತೊಡಗಿದ. ಅವಳ ಬೆರಳು ನಿಂತಾಗಷ್ಟೇ ಮುಂದಿನ ಸಾಲು: "ಆಯ್ತೇನಮ್ಮ? ಇನ್ನೊಂದು ಹೇಳ್ಲಾ?"