ಪಟ್ಟಿಯಲ್ಲಿಲ್ಲದ ಸಾವು

ನನ್ನ ಗುಜರಾತಿ ಅಕ್ಷರ ಚೆಂದ. ಇದು ನಾನೇ ಹೇಳಿಕೊಳ್ಳುವ ಮಾತಲ್ಲ, ವಡೋದರದ ಗೋರ್ವಾ ಬಡಾವಣೆಯ ನನ್ನ ಹೋಟೆಲಿಗೆ ವರ್ಷಗಳಿಂದ ಬರುತ್ತಿರುವ ಗಿರಾಕಿಗಳ ಮಾತು. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ದಿನದ ತಿಂಡಿಗಳನ್ನು ಈಗಲೂ ನಾನೇ ಬರೆಯುತ್ತೇನೆ. ಉಡುಪಿ ಕಡೆಯಿಂದ ವಡೋದರಕ್ಕೆ ಬಂದ ಹೊಸತರಲ್ಲಿ ಹಟ ಹಿಡಿದು ಆ ಲಿಪಿ ಕಲಿತೆ. ಹೊರಗಿನಿಂದ ಬಂದವನು ಇಲ್ಲಿಯವರ ಕಾಗದ ಓದಲು ಬಾರದೆ ಮೋಸಹೋಗಬಾರದು ಎಂಬ ಜಾಣತನ. ಕೊನೆಗೆ ಅದೇ ಚೆಂದದ ಅಕ್ಷರದಲ್ಲಿ, ನನ್ನ ತಮ್ಮನ ಸಾವಿನ ಬಗ್ಗೆ ಯಾರ ಮೇಲೂ ಸಂಶಯವಿಲ್ಲವೆಂದು ಬರೆದುಕೊಟ್ಟೆ.

ತಮ್ಮ ಮೊದಲು ನನ್ನ ಜೊತೆಯಲ್ಲೇ ಹೋಟೆಲಿನಲ್ಲಿದ್ದ. ಮದುವೆಯಾದ ಮೇಲೆ ಹತ್ತಿರದ ಒಂದು ರಾಸಾಯನಿಕ ಕಾರ್ಖಾನೆಯ ಕ್ಯಾಂಟೀನು ವಹಿಸಿಕೊಂಡ. ಆ ಕ್ಯಾಂಟೀನಿಗೆ ಇದ್ದದ್ದು ಒಂದೇ ಬಾಗಿಲು, ಅದೂ ಟ್ಯಾಂಕುಗಳಿದ್ದ ಶೆಡ್ಡಿನ ಕಡೆಗೆ. ಒಂದು ದಿನ ಬೆಳಗಿನ ತಿಂಡಿಯ ಹೊತ್ತಿನಲ್ಲಿ ಆ ಶೆಡ್ಡಿನಲ್ಲಿ ಅನಿಲ ಸೋರಿತು. ಇಬ್ಬರು ಕಾರ್ಮಿಕರು ಅಲ್ಲೇ ಸತ್ತರು. ತಮ್ಮ ಆಸ್ಪತ್ರೆಯವರೆಗೆ ಉಸಿರು ಹಿಡಿದಿದ್ದ, ಆಮೇಲೆ ಅವನೂ ಹೋದ.

ಕಾರ್ಖಾನೆಯ ಮ್ಯಾನೇಜರು ಬಹಳ ಮರ್ಯಾದಸ್ಥ. ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, ನಿಮ್ಮ ತಮ್ಮ ಶೆಡ್ಡಿನ ಒಳಗೆ ಇರಲೇ ಇಲ್ಲ, ಗಾಬರಿಗೆ ಹೃದಯ ನಿಂತಿದೆ ಎಂದ. ಮರಣೋತ್ತರ ಪರೀಕ್ಷೆ ಅಂತ ಶುರುವಾದರೆ ಎರಡು ದಿನ ಹೆಣ ಸಿಗುವುದಿಲ್ಲ, ಬೇಡವೆಂದು ಬರೆದುಕೊಟ್ಟರೆ ಸಂಜೆಯ ವಿಮಾನಕ್ಕೇ ಕಳಿಸುವ ವ್ಯವಸ್ಥೆ ಮಾಡುತ್ತೇನೆ ಎಂದ. ಅಷ್ಟರಲ್ಲಿ ಊರಿನಿಂದ ಅಮ್ಮನ ಫೋನು.

"ಅವನನ್ನು ಕೊಯ್ಲಿಕ್ಕೆ ಬಿಡ್ಬೇಡ. ಹಾಗೇ ಕರ್ಕೊಂಡು ಬಾ."

ಅಮ್ಮನ ಮೇಲೆ ತಪ್ಪು ಹೊರಿಸಿದರೆ ನಾನು ಪಾರಾಗುವುದಿಲ್ಲ. ಪರಊರಿನಲ್ಲಿ ಹೋಟೆಲಿಟ್ಟ ನಮ್ಮವರಿಗೆಲ್ಲ ಒಂದು ಅಭ್ಯಾಸವುಂಟು. ಖಾಕಿ ಕಂಡರೆ ಚಾ ಕೊಡುವುದು, ಅಧಿಕಾರಿ ಕಂಡರೆ ನಗುವುದು, ತೋರಿಸಿದಲ್ಲಿ ಸಹಿ ಹಾಕುವುದು. ಪೊಲೀಸು, ಕೋರ್ಟು ಅಂದರೆ ನಮಗೆ ಆಗಿಬರುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಡಿತನಕ್ಕೆ ನಾವು ಇಟ್ಟುಕೊಂಡ ಮರ್ಯಾದೆಯ ಹೆಸರು ಅದು. ಮ್ಯಾನೇಜರು ಕೊಟ್ಟ ಹಾಳೆಯ ಮೇಲೆ ನಾನೇ ಪೆನ್ನು ಹಿಡಿದು ಬರೆದೆ. ತಮ್ಮನಿಗೆ ಮೊದಲಿನಿಂದ ಎದೆನೋವಿತ್ತು ಎಂಬ ಸಾಲನ್ನೂ ಅವನು ಹೇಳಿದಂತೆ ಸೇರಿಸಿದೆ. ತಮ್ಮನಿಗೆ ಎದೆನೋವು ಎಂಬುದು ಯಾವತ್ತೂ ಇರಲಿಲ್ಲ.

ತಮ್ಮನ ಹೆಂಡತಿ ಆಗ ಒಳಗೆ ಎಚ್ಚರತಪ್ಪಿ ಮಲಗಿದ್ದಳು. ಎದ್ದ ಮೇಲೆ, ಪರೀಕ್ಷೆ ಬೇಕಿಲ್ಲವೆಂದು ಡಾಕ್ಟರೇ ಹೇಳಿದರು ಎಂದೆ.

ಸತ್ತ ಕಾರ್ಮಿಕರಲ್ಲಿ ಒಬ್ಬನ ಅಣ್ಣ ಸೂರತ್‌ನಿಂದ ಬಂದಿದ್ದ. ಅಲ್ಲಿ ಮಗ್ಗದ ಕಾರ್ಖಾನೆಯೊಂದರಲ್ಲಿ ಕೆಲಸ. ಪರೀಕ್ಷೆ ಆಗದೆ ಹೆಣ ಮುಟ್ಟುವುದಿಲ್ಲ ಎಂದು ಶವಾಗಾರದ ಮೆಟ್ಟಿಲ ಮೇಲೆ ಎರಡು ದಿನ ಕುಳಿತು, ಬಂದವರ ಮೇಲೆಲ್ಲ ಕೂಗಾಡಿದನಂತೆ. ನಾನು ಹೊರಟಾಗ ಅವನನ್ನು ಕಂಡು, ಎಂಥ ಜಗಳಗಂಟ, ಸತ್ತ ತಮ್ಮನಿಗೂ ನೆಮ್ಮದಿ ಕೊಡುತ್ತಿಲ್ಲ ಎಂದುಕೊಂಡಿದ್ದೆ.

ಅವನು ಜಗಳವಾಡಿದ್ದರಿಂದಲೇ ಕೇಸು ಗಟ್ಟಿಯಾಯಿತು. ಆ ಎರಡು ಹೆಣಗಳ ಶ್ವಾಸಕೋಶದಲ್ಲಿ ಅನಿಲದ ಗುರುತು ಸಿಕ್ಕಿತು. ಟ್ಯಾಂಕು ಸೋರುವುದು ಮಾಲೀಕನಿಗೆ ಮೊದಲೇ ಗೊತ್ತಿತ್ತೆಂಬುದೂ ಹೊರಬಿತ್ತು. ಪೊಲೀಸರು ಬಂಧಿಸಲು ಹೋಗುವಷ್ಟರಲ್ಲಿ ಅವನು ಹೆಂಡತಿ ಮಕ್ಕಳ ಸಮೇತ ವಿದೇಶಕ್ಕೆ ಹಾರಿದ್ದ. ಒಬ್ಬ ಕೆಲಸಗಾರನ ಹೇಳಿಕೆಯ ಮೇಲೆ ನನ್ನ ತಮ್ಮನ ಸಾವನ್ನೂ ಕೇಸಿಗೆ ಸೇರಿಸಿದರು. ತಮ್ಮನ ಹೆಂಡತಿಯೂ ಹೇಳಿಕೆ ಕೊಟ್ಟಳು. ಅಂದು ಬೆಳಿಗ್ಗೆ ತಮ್ಮ ಅವಳಿಗೆ ಫೋನು ಮಾಡಿ, ಏನೋ ಕೆಟ್ಟ ವಾಸನೆ ಬರ್ತಾ ಉಂಟು, ಮ್ಯಾನೇಜರಿಗೆ ಹೇಳಿದ್ರೆ ಕೆಲಸ ನೋಡು ಅಂತಾನೆ ಎಂದಿದ್ದನಂತೆ. ಆ ಮಾತನ್ನು ಮಾಲೀಕನ ಮುಖ ನೋಡಿಕೊಂಡು ಕೋರ್ಟಿನಲ್ಲಿ ಹೇಳಬೇಕು ಎಂಬ ಒಂದೇ ಆಸೆಯಲ್ಲಿ ಅವಳು ಒಂಬತ್ತು ವರ್ಷ ಕಳೆದಳು. ಮಗಳೊಂದಿಗೆ ನಮ್ಮ ಮನೆಯಲ್ಲೇ ಇದ್ದು, ಹೋಟೆಲಿನ ಅಡುಗೆ ನೋಡಿಕೊಳ್ಳುತ್ತ, ಅದನ್ನು ಗುಜರಾತಿಯಲ್ಲಿ ಹೇಳಲು ಕಲಿತಳು. ತಪ್ಪಿದಾಗ ತಿದ್ದಿದವನು ನಾನು.

ಒಬ್ಬ ಆರೋಪಿಯನ್ನು ಒಂದು ದೇಶ ಇನ್ನೊಂದಕ್ಕೆ ಒಪ್ಪಿಸುವುದು ಹೇಗೆಂದು ನನಗೆ ಹೇಳಿಕೊಟ್ಟವರು ಧಾರವಾಡದ ಕಡೆಯ ಒಬ್ಬ ನಿವೃತ್ತ ಸರಕಾರಿ ವಕೀಲರು. ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದಾರೆ. ಚಟ್ನಿಪುಡಿ ಕಟ್ಟಿಕೊಂಡು ಬಸ್ಸಿನಲ್ಲಿ ಅವರಲ್ಲಿಗೆ ಎಷ್ಟು ಸಲ ಹೋದೆನೋ.

"ನೋಡ್ರಿ, ಒಪ್ಪಂದ ಅದ ಅಂದ್ರ ನಮ್ಮ ಪೊಲೀಸ್ರು ಅಲ್ಲಿಗೆ ಹೋಗಿ ಕುತ್ತಿಗಿ ಹಿಡದು ತರೂದಲ್ಲ," ಎಂದರು ಮೊದಲ ದಿನ. "ನಾವು ಕೇಳಬೇಕು, ಅವ್ರು ಕೊಡಬೇಕು. ನಡುವ ಅವ್ರ ಕೋರ್ಟು ಕೂತಿರ್ತದ."

ಆ ಕೋರ್ಟಿಗೆ ಬೇಕಾದದ್ದು ಒಂದೆರಡಲ್ಲ. ಮಾಡಿದ ಕೆಲಸ ಎರಡೂ ದೇಶದಲ್ಲಿ ಅಪರಾಧವಾಗಿರಬೇಕು. ಮೇಲ್ನೋಟಕ್ಕಾದರೂ ನಂಬುವಂಥ ಸಾಕ್ಷ್ಯ ಬೇಕು. ಪ್ರತಿ ಕಾಗದ ಇಂಗ್ಲಿಷಿಗೆ ಅನುವಾದವಾಗಿ, ಮೊಹರು ಬಿದ್ದು ಹೋಗಬೇಕು. ಒಂದು ಮೊಹರು ಸರಿಯಿಲ್ಲವೆಂದು ಇಡೀ ಕಟ್ಟು ವಾಪಸು ಬಂತು, ಅದಕ್ಕೊಂದು ವರ್ಷ ಹೋಯಿತು. ಆಮೇಲೆ ಮಾಲೀಕನ ವಕೀಲರು ಭಾರತದ ಜೈಲಿನಲ್ಲಿ ತಮ್ಮ ಕಕ್ಷಿದಾರನಿಗೆ ಉಸಿರುಗಟ್ಟುತ್ತದೆ ಎಂದು ತಕರಾರು ತೆಗೆದರು. ನಮ್ಮ ಸರಕಾರ ಜೈಲಿನ ಕೋಣೆಯ ಅಳತೆ ಬರೆದು, ಕಿಟಕಿಯ ಫೋಟೋ ಕಳಿಸಿ, ಗಾಳಿಬೆಳಕಿನ ಭರವಸೆ ಕೊಟ್ಟಿತು. ತಮ್ಮನ ಕ್ಯಾಂಟೀನಿಗೆ ಕಿಟಕಿ ಉಂಟೋ ಇಲ್ಲವೋ ಎಂದು ಯಾವ ದೇಶವೂ ಕೇಳಿರಲಿಲ್ಲ.

ಇಷ್ಟೆಲ್ಲದರ ನಡುವೆ ನಾನು ಒಳಗೊಳಗೇ ಒಂದು ಹರಕೆ ಹೊತ್ತಿದ್ದೆ. ನನ್ನ ಆ ಕಾಗದ ಯಾವುದಾದರೂ ಕಡತದಲ್ಲಿ ಗೆದ್ದಲು ಹಿಡಿದು ಹೋಗಲಿ ಎಂದು. ಆದರೆ ಮ್ಯಾನೇಜರು ಅದರ ನಕಲನ್ನು ಜೋಪಾನವಾಗಿ ಇಟ್ಟುಕೊಂಡು ಮಾಲೀಕನ ವಕೀಲರಿಗೆ ತಲುಪಿಸಿದ್ದ.

ಅಲ್ಲಿಯ ಕೋರ್ಟಿನ ತೀರ್ಪು ಬಂದಾಗ ವಕೀಲರು ಅದನ್ನು ಪೂರ್ತಿ ಓದಿ ಕನ್ನಡಕ ತೆಗೆದರು. ಹಾಳೆಗಳ ನಡುವಿನಿಂದ ಒಂದನ್ನು ನನ್ನತ್ತ ಸರಿಸಿದರು.

"ಇದು ನಿಮ್ಮ ಕೈಬರಹ ಏನ್ರಿ?"

"ಹೌದು."

"ಎರಡು ಸಾವಿಗೆ ಅವನ್ನ ಕೊಡ್ತೀವಿ ಅಂದಾರ. ಮೂರನೇದ್ದಕ್ಕ ಒಲ್ಲೆ ಅಂದಾರ. ಪರೀಕ್ಷಾ ಆಗಿಲ್ಲ, ಸ್ವಂತ ಅಣ್ಣನೇ ಯಾರ ಮ್ಯಾಲೂ ಸಂಶಯ ಇಲ್ಲ ಅಂತ ಬರದಾನ, ನಾವ್ಯಾಕ ನಂಬಬೇಕು ಅಂತಾರ."

ಇಲ್ಲಿಗೆ ಬಂದ ಮೇಲೆ ನಮ್ಮ ಕೋರ್ಟು ಅದನ್ನು ಸೇರಿಸಿಕೊಳ್ಳಬಹುದಲ್ಲ ಎಂದೆ. ಆಗುವುದಿಲ್ಲವೆಂದು ಅವರು ತಲೆಯಾಡಿಸಿದರು. ಯಾವ ಆರೋಪಗಳಿಗೆಂದು ಒಪ್ಪಿಸುತ್ತಾರೋ ಅವುಗಳಿಗಷ್ಟೇ ವಿಚಾರಣೆ. ಹಳೆಯ ಇನ್ನೊಂದು ಆರೋಪವನ್ನು ಸೇರಿಸಬೇಕಾದರೆ ಮತ್ತೆ ಆ ದೇಶದ ಒಪ್ಪಿಗೆ ಬೇಕು, ಅದಕ್ಕೆ ಹೊಸ ಸಾಕ್ಷ್ಯ ಬೇಕು. ನನ್ನ ಬಳಿ ಇದ್ದದ್ದು ಬೂದಿ. ಅದನ್ನೂ ಊರಿನ ಸಮುದ್ರಕ್ಕೆ ಬಿಟ್ಟು ಬಂದಿದ್ದೆ.

"ಮನ್ಯಾಗ ಗೊತ್ತದ ಏನ್ರಿ?" ಎಂದು ಕೇಳಿದರು. ನಾನು ಚಟ್ನಿಪುಡಿಯ ಖಾಲಿ ಡಬ್ಬಿ ತೆಗೆದುಕೊಂಡು ಎದ್ದೆ. ಮನೆಗೆ ಬಂದು, ನಾವು ಗೆದ್ದೆವು, ಅವನನ್ನು ಕೊಡುತ್ತಾರಂತೆ ಎಂದಷ್ಟೇ ಹೇಳಿದೆ.

ಮೇಲ್ಮನವಿಗಳೆಲ್ಲ ಮುಗಿದು ಕಳೆದ ತಿಂಗಳು ಮಾಲೀಕನನ್ನು ಕರೆತಂದರು. ಅಹಮದಾಬಾದ್ ವಿಮಾನ ನಿಲ್ದಾಣದಿಂದ ಅವನು ಹೊರಬರುವುದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಹೋಟೆಲಿನ ಟಿವಿಯಲ್ಲಿ ತೋರಿಸಿದರು. ಮೈಕೈ ತುಂಬಿಕೊಂಡು ಚೆನ್ನಾಗಿಯೇ ಇದ್ದ. ಹಳೇ ಗಿರಾಕಿಗಳು ಊಟ ಬಿಟ್ಟೆದ್ದು ನನ್ನ ಬೆನ್ನು ತಟ್ಟಿದರು. ಸೂರತ್‌ನವನು ಫೋನಿನಲ್ಲಿ, "ಭಾಯ್, ಲೇ ಆಯೇ ಉಸ್ಕೋ," ಕೊನೆಗೂ ಅವನನ್ನು ಹಿಡಿದು ತಂದರು ಎಂದು ಅಳತೊಡಗಿದ. ಜಗಳಗಂಟನೆಂದು ನಾನು ಬೈದುಕೊಂಡಿದ್ದವನು ನನ್ನ ತಮ್ಮನಿಗಾಗಿಯೂ ಅಳುತ್ತಿದ್ದ. ನನಗೆ ನಾಚಿಕೆಯಾಯಿತು.

ತಮ್ಮನ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ನಾನು ಸಾಕ್ಷಿ ಹೇಳ್ಲಿಕ್ಕೆ ಯಾವಾಗ ಹೋಗ್ಬೇಕು ಭಾವ?"

ಇನ್ನು ಮುಚ್ಚಿಡಲು ಜಾಗವಿರಲಿಲ್ಲ. ಗಲ್ಲಾದ ಹಿಂದಿನ ಕೋಣೆಗೆ ಕರೆದು ಎಲ್ಲ ಹೇಳಿದೆ. ಮ್ಯಾನೇಜರು, ಅಮ್ಮನ ಫೋನು, ಎದೆನೋವಿನ ಸಾಲು, ಡಾಕ್ಟರ ಹೆಸರಿನಲ್ಲಿ ಹೇಳಿದ ಸುಳ್ಳು, ಆ ದೇಶದ ಕೋರ್ಟು ಒಪ್ಪಿದ ಸಾವುಗಳ ಪಟ್ಟಿಯಲ್ಲಿ ಇಲ್ಲದ ತಮ್ಮ, ಅದರಿಂದಾಗಿ ಬೇಡವಾದ ಅವಳ ಸಾಕ್ಷಿ. ಅವಳು ಅಳಲಿಲ್ಲ.

"ಆ ದೇಶದ ಜಡ್ಜಿಗೆ ಇದು ಗೊತ್ತಿತ್ತು," ಎಂದಳು. "ಅವನ ವಕೀಲರಿಗೂ ಗೊತ್ತಿತ್ತು. ದಿನಾ ನಿಮಗೆ ಬಡಿಸ್ತಾ ಇದ್ದ ನನಗೆ ಮಾತ್ರ ಗೊತ್ತಿರ್ಲಿಲ್ಲ."

ಹೊರಗೆ ಹೋದವಳು ಮಗಳ ನೋಟುಪುಸ್ತಕದಿಂದ ಎರಡು ಹಾಳೆ ಹರಿದು ತಂದು ನನ್ನ ಮುಂದಿಟ್ಟಳು. "ಆವತ್ತು ಬರೆದದ್ದು ಸುಳ್ಳು ಅಂತ ಬರೀರಿ. ಯಾರು ಬರೆಸಿದ್ದು ಅಂತಲೂ ಬರೀರಿ."

ಬರೆದೆ. ಮೊದಲ ಹಾಳೆಯ ಅಕ್ಷರ ಓದಲಾಗದಂತೆ ಬಂತು, ಎರಡನೆಯ ಹಾಳೆಯ ಮೇಲೆ ಮತ್ತೆ ಬರೆದೆ. ಕಾಗದ ಈಗ ಬೋಪಾಲ್‌ನಲ್ಲಿ ವಕೀಲರ ಬಳಿ ಇದೆ. ಸುಳ್ಳು ಬರೆದದ್ದಕ್ಕೆ ನಿಮ್ಮ ಮೇಲೂ ಕೇಸಾಗಬಹುದು, ಆ ದೇಶದಿಂದ ಉತ್ತರ ಬರುತ್ತದೆಂದು ನಂಬಿಕೊಳ್ಳಬೇಡಿ ಎಂದಿದ್ದಾರೆ ವಕೀಲರು. ಆಗಲಿ.

ತಮ್ಮನ ಹೆಂಡತಿ ಈಗಲೂ ಹೊತ್ತುಹೊತ್ತಿಗೆ ಊಟಕ್ಕೆ ಕರೆಯುತ್ತಾಳೆ. ಭಾವ ಎನ್ನುವುದಿಲ್ಲ.